ತೀರ್ಪುಗಾರರ ತೀರ್ಮಾನವೇ ಅಂತಿಮ

ಪಿರಿಯಾಪಟ್ಟಣ, ಹುಣಸೂರು ಕಡೆ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಅಂತ್ಯಾಕ್ಷರಿ, ಪದ ಕಟ್ಟುವ ಸ್ಪರ್ಧೆ ಇಟ್ಟರೆ ಕರಪತ್ರದ ಕೊನೆಗೆ ಆ ಸಾಲು ಇರಲೇಬೇಕು: ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಜಗಳ ನಿಲ್ಲಿಸಲು ಅಂಥದ್ದೊಂದು ಸಾಲು ಬೇಕು, ಒಪ್ಪುತ್ತೇನೆ. ಆದರೆ ಅದರ ಮರೆಯಲ್ಲಿ ತೀರ್ಪಿನ ಕಾರಣವೂ ಮುಚ್ಚಿಹೋಗುತ್ತದೆ. ಪ್ರಥಮ, ದ್ವಿತೀಯ, ತೃತೀಯ ಎಂದು ಮೈಕಿನಲ್ಲಿ ಕೂಗಿ ಸ್ಟೀಲ್ ತಟ್ಟೆ, ಲೋಟ ಕೊಟ್ಟುಬಿಡುತ್ತಾರೆ. ಸೋತ ತಂಡದ ಹಾಡು ಯಾಕೆ ಸಲ್ಲಲಿಲ್ಲ ಎಂದು ಹೇಳುವವರಿಲ್ಲ. ನನ್ನ ತಕರಾರು ಅಷ್ಟೇ. ಮಾತಿನಾಟದಲ್ಲಿ ಮಕ್ಕಳು ಕಲಿಯಬೇಕಾದದ್ದೆಲ್ಲ ಆ ಕಾರಣದಲ್ಲೇ ಇದೆ.

ಅಂತ್ಯಾಕ್ಷರಿಯಲ್ಲಿ ಹಾಡೊಂದು ‘ಸೂರ್ಯ’ ಎಂದು ನಿಂತಿತು ಎನ್ನಿ. ಎದುರು ತಂಡ ಯಾವ ಅಕ್ಷರ ಹಿಡಿಯಬೇಕು? ಬರಹವನ್ನು ಕಣ್ಣಮುಂದೆ ತಂದುಕೊಂಡವಳಿಗೆ ಕೊನೆಯಲ್ಲಿ ಕಾಣುವುದು ಅರ್ಕಾವತ್ತು, ಅವಳು ‘ರ’ ಎನ್ನುತ್ತಾಳೆ. ಕಿವಿಯನ್ನು ನಂಬಿದವಳು ‘ಯ’ ಎನ್ನುತ್ತಾಳೆ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಆಮೇಲೆ; ಬರೆಯುವಾಗ ಮಾತ್ರ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಸರಿದು ಕೂರುತ್ತದೆ. ಹಾಡು ಕಿವಿಗೆ ಸೇರಿದ್ದು, ಆದ್ದರಿಂದ ‘ಯ’ ಎನ್ನುವುದೇ ಸರಿಯಾದ ತೀರ್ಪು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ‘ಣ’, ‘ಳ’ ಬಂದರೆ ‘ನ’, ‘ಲ’ ಹಿಡಿಯಬಹುದೆಂಬ ರಿಯಾಯಿತಿ ಎಲ್ಲರಿಗೂ ಗೊತ್ತು. ಆ ಅಕ್ಷರಗಳಿಂದ ಶುರುವಾಗುವ ಪದ ನಮ್ಮ ಬಳಕೆಯಲ್ಲಿಲ್ಲ ಎಂಬ ಕಾರಣವನ್ನು ಮಾತ್ರ ಮಕ್ಕಳಿಗೆ ಹೇಳುವುದಿಲ್ಲ.

ಹಕಾರ ಬಂದಾಗ ತೀರ್ಪು ಅನ್ಯಾಯದ ಕಡೆಗೇ ವಾಲುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಹಾಲು ‘ಆಲು’, ಹಳ್ಳಿ ‘ಅಳ್ಳಿ’. ‘ಹ’ ಬಂದಾಗ ಹುಡುಗನೊಬ್ಬ ಸರಿಯಾದ ಹಾಡನ್ನೇ ಎತ್ತಿಕೊಂಡು ಮನೆಯ ಉಚ್ಚಾರದಲ್ಲಿ ಹಾಡಿದರೆ ಜನ ನಗುತ್ತಾರೆ, ಅಂಕ ಹೋಗುತ್ತದೆ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ಭಾಷೆಯ ಬೆಳವಣಿಗೆ ಎಂದು ಪಾಠ ಮಾಡುವ ನಾವೇ ‘ಹಾಲು’ ‘ಆಲು’ ಆದಾಗ ಮಗುವಿನ ತಪ್ಪು ಎನ್ನುತ್ತೇವೆ. ‘ಹಿರಿ’ಯ ಹಳೆಯ ರೂಪ ‘ಪಿರಿ’ ಹೆಸರಿನಲ್ಲೇ ಉಳಿದಿರುವ ಪಿರಿಯಾಪಟ್ಟಣದಲ್ಲಾದರೂ ಇದು ಹೊಳೆಯಬೇಕಿತ್ತು. ಬರೆಯುವ ಸ್ಪರ್ಧೆಯಲ್ಲಿ ‘ಹಾಲು’ ಎಂದೇ ಬರೆಯಲಿ, ಅಲ್ಲಿ ಸಡಿಲಿಕೆ ಬೇಡ. ಹಾಡಿನಲ್ಲಿ ಅಂಕ ಕಳೆಯುವುದನ್ನು ನಾನು ಒಪ್ಪಲಾರೆ.

ಪದ ಕಟ್ಟುವ ಸ್ಪರ್ಧೆಯ ತೊಡಕು ಬೇರೆ. ‘ನಿಘಂಟಿನಲ್ಲಿ ಇಲ್ಲ’ ಎಂದು ಪದವನ್ನು ತಳ್ಳಿಹಾಕುತ್ತಾರೆ. ಯಾವ ನಿಘಂಟು? ಕನ್ನಡ ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ. ಮೇಜಿನ ಮೇಲಿರುವುದು ಸಾಮಾನ್ಯವಾಗಿ ಶಾಲೆಯ ಕಿರು ನಿಘಂಟು. ಕಗ್ಗುಂಡಿ, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಹೋಗುವ ಮನೆಗಳ ಮಕ್ಕಳಿಗೆ, ಸೊಪ್ಪು ಹದ ಮಾಡುವ ಮನೆಯನ್ನು ಹೇಳುವ ‘ಬ್ಯಾರನ್’ ದಿನನಿತ್ಯದ ಮಾತು. ಅದು ಇಂಗ್ಲಿಷ್‌ನಿಂದ ಬಂತೆಂದು ಬಿಡುವುದಾದರೆ ‘ಬಸ್ಸು’, ‘ಟಿಕೆಟ್ಟು’ ಕೂಡ ಹೋಗಬೇಕು. ಸ್ಕ್ರ್ಯಾಬಲ್ ಪಂದ್ಯಾವಳಿಗಳಲ್ಲಿ ಯಾವ ಪದಪಟ್ಟಿ ಎಂಬುದು ಆಟಕ್ಕೆ ಮೊದಲೇ ಗೊತ್ತಾಗಿರುತ್ತದೆ, ಎದುರಾಳಿ ಹಾಕಿದ ಪದವನ್ನು ಪ್ರಶ್ನಿಸುವ ಹಕ್ಕೂ ಆಟಗಾರನಿಗಿದೆ. ನಮ್ಮಲ್ಲಿ ಎರಡೂ ಇಲ್ಲ.

ನಮ್ಮದೇ ಪರಂಪರೆಯಲ್ಲಿ ಇದಕ್ಕಿಂತ ಕಠಿಣವಾದ, ಆದರೂ ಪೂರ್ತಿ ಬಯಲಿನಲ್ಲಿ ನಡೆಯುವ ಆಟವಿದೆ. ಸಭೆಯಲ್ಲಿ ಸ್ಥಳದಲ್ಲೇ ಪದ್ಯ ಕಟ್ಟುವ ಅವಧಾನದ ನಿಷೇಧಾಕ್ಷರಿಯಲ್ಲಿ, ಪ್ರಶ್ನೆ ಒಡ್ಡುವ ಪೃಚ್ಛಕ ಒಂದೊಂದು ಅಕ್ಷರಕ್ಕೂ ಅಡ್ಡ ನಿಲ್ಲುತ್ತಾನೆ. ನಿಷೇಧಿಸಿದ ಅಕ್ಷರವನ್ನು ಅವಧಾನಿ ಬಿಟ್ಟು, ಛಂದಸ್ಸೂ ಅರ್ಥವೂ ಕೆಡದಂತೆ ಬೇರೆ ದಾರಿ ಹಿಡಿಯುತ್ತಾನೆ. ಶತಾವಧಾನಿ ಆರ್. ಗಣೇಶರ ಅವಧಾನ ನೋಡಿದವರಿಗೆ ಗೊತ್ತು, ಅಲ್ಲಿನ ರುಚಿಯೇ ಆ ತಡೆ ಮತ್ತು ಬಿಡುಗಡೆ ಸಭೆಯ ಎದುರಿಗೇ ನಡೆಯುವುದರಲ್ಲಿದೆ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ನಾ. ಸೋಮೇಶ್ವರ ಅವರೂ ಉತ್ತರ ಸರಿಯೋ ತಪ್ಪೋ ಎಂದಷ್ಟೇ ಹೇಳಿ ಮುಂದೆ ಹೋಗುವುದಿಲ್ಲ, ವಿವರಿಸುತ್ತಾರೆ. ಆ ವಿವರಣೆಗಾಗಿಯೇ ಕೂತು ನೋಡುವವರು ಎಷ್ಟೋ ಮನೆಗಳಲ್ಲಿದ್ದಾರೆ.

ಹಾಗಾಗಿ ಸಂಘಟಕರಲ್ಲಿ ಕೇಳುವುದಿಷ್ಟು. ಯಾವ ನಿಘಂಟು, ಯಾವ ರಿಯಾಯಿತಿ ಎಂಬುದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿ. ಪ್ರತಿ ತಂಡಕ್ಕೂ ಒಂದು ಸಲ ತೀರ್ಪನ್ನು ಪ್ರಶ್ನಿಸುವ ಅವಕಾಶ ಕೊಡಿ. ಕೊಟ್ಟ ತೀರ್ಪುಗಳನ್ನು ಕಾರಣಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದಿನ ವರ್ಷದ ತೀರ್ಪುಗಾರರ ಕೈಗೆ ಕೊಡಿ. ಕಳೆದ ಸಲ ಸಲ್ಲದ ಪದ ಈ ಸಲ ಸಂದರೆ, ಯಾಕೆಂದು ಅವರು ಹೇಳಬೇಕಾಗುತ್ತದೆ.