‘ಕಂಡುಹಿಡಿದರು’ ಎಂದರೇನು? – ಹೈಡ್ರಾಂಜಿಯದ ಹೊಸ ತಳಿಗಳನ್ನು ಕುರಿತು

‘ವಿಜ್ಞಾನಿಗಳು ಹೈಡ್ರಾಂಜಿಯದ ಹೊಸ ತಳಿಯೊಂದನ್ನು ಕಂಡುಹಿಡಿದಿದ್ದಾರೆ.’ ಹೂವಿನ ಹೆಸರನ್ನಷ್ಟೇ ಬದಲಿಸಿಕೊಂಡು ಬರುವ ಇಂಥ ವಾಕ್ಯವನ್ನು ನೀವು ಎಷ್ಟೋ ಸಲ ಓದಿರುತ್ತೀರಿ. ಅದರಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಹರ್ಷೆಲ್ ಯುರೇನಸ್ ಗ್ರಹವನ್ನು ‘ಕಂಡುಹಿಡಿದ’, ಎಡಿಸನ್ ಫೋನೋಗ್ರಾಫನ್ನು ‘ಕಂಡುಹಿಡಿದ’ ಎನ್ನುವವರು ನಾವು. ಇದ್ದದ್ದನ್ನು ಕಾಣುವುದಕ್ಕೂ ಇಲ್ಲದ್ದನ್ನು ಮಾಡುವುದಕ್ಕೂ ನಮಗೆ ಒಂದೇ ಕ್ರಿಯಾಪದ. ಗ್ರಹದ ವಿಷಯದಲ್ಲಿ ಗೊಂದಲವಾಗದು. ತಳಿಯ ವಿಷಯದಲ್ಲಿ ಆ ಪದ ನಮಗೆ ಏನನ್ನೂ ತಿಳಿಸುವುದಿಲ್ಲ. ಅಲಂಕಾರ ಸಸ್ಯಗಳ ತಳಿ ಅಭಿವೃದ್ಧಿಯನ್ನು ಕುರಿತ ನಮ್ಮ ಬರೆಹಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಆಕ್ಷೇಪ.

ಭೌತವಿಜ್ಞಾನದ ಮೇಷ್ಟರಿಗೆ ಹೂವಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಬಣ್ಣ. ಕೊಡಗಿನ ಎಸ್ಟೇಟ್ ಬಂಗಲೆಗಳ ಅಂಗಳದಲ್ಲಿ, ಊಟಿಯ ತೋಟಗಳಲ್ಲಿ ದುಂಡನೆಯ ನೀಲಿ ಗೊಂಚಲುಗಳನ್ನು ನೀವು ನೋಡಿರಬಹುದು. ಜಪಾನ್ ಮೂಲದ ಹೈಡ್ರಾಂಜಿಯ ಮ್ಯಾಕ್ರೊಫಿಲ ಅದು. ಅದೇ ಗಿಡದ ಕಡ್ಡಿಯನ್ನು ಸುಣ್ಣದಂಶವಿರುವ ಮಣ್ಣಿನಲ್ಲಿ ನೆಟ್ಟರೆ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ‘ನಿಸರ್ಗದ ಲಿಟ್ಮಸ್ ಕಾಗದ’ ಎಂದು ನಾನೂ ಹಲವು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ, ಈ ಹೂ ಆಮ್ಲೀಯ ಮಣ್ಣಿನಲ್ಲಿ ನೀಲಿಯಾಗುತ್ತದಲ್ಲ ಸರ್?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇದು. ನಾವು ಎಸಳೆಂದು ಕರೆಯುವುದು ಈ ಹೂವಿನಲ್ಲಿ ನಿಜಕ್ಕೂ ಪುಷ್ಪಪತ್ರ. ನೀಲಿಯಲ್ಲೂ ಗುಲಾಬಿಯಲ್ಲೂ ಇರುವ ವರ್ಣಕ ಒಂದೇ, ಡೆಲ್ಫಿನಿಡಿನ್ ಗ್ಲುಕೋಸೈಡ್. ಮಣ್ಣಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಬೇರಿನ ಮೂಲಕ ಮೇಲೇರುತ್ತದೆ. ವರ್ಣಕದೊಡನೆಯೂ ಕ್ವಿನಿಕ್ ಆಮ್ಲದ ಕೆಲವು ಸಂಯುಕ್ತಗಳೊಡನೆಯೂ ಸೇರಿ ನೀಲಿ ಸಂಕೀರ್ಣವೊಂದನ್ನು ಕಟ್ಟುತ್ತದೆ. ಸುಣ್ಣದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗುವುದಿಲ್ಲ, ಹೂ ಗುಲಾಬಿಯಾಗಿಯೇ ಉಳಿಯುತ್ತದೆ. ಜಪಾನಿನ ಕುಮಿ ಯೋಶಿದಾ ಮತ್ತು ಸಂಗಡಿಗರು ಸೂಕ್ಷ್ಮ ವಿದ್ಯುದಗ್ರವನ್ನು ಜೀವಕೋಶದ ರಸಕೋಶಕ್ಕೇ ಚುಚ್ಚಿ ಪಿಎಚ್ ಅಳೆದು 2003ರಲ್ಲಿ ಪ್ರಕಟಿಸಿದರು: ನೀಲಿ ಕೋಶಗಳಲ್ಲಿ ಸುಮಾರು 4.1, ಕೆಂಪು ಕೋಶಗಳಲ್ಲಿ ಸುಮಾರು 3.3. ಅಂದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆಯಲ್ಲಿ ಆರು ಪಟ್ಟು ಅಂತರ. ಮಣ್ಣು ಹೆಚ್ಚು ಆಮ್ಲೀಯವಾದಾಗ ನೀಲಿಯಾಗುವ ಹೂವಿನ ಕೋಶವೇ ಕಡಿಮೆ ಆಮ್ಲೀಯ! ಲಿಟ್ಮಸ್ ಹೋಲಿಕೆಯನ್ನು ಅಂದಿನಿಂದ ಕೈಬಿಟ್ಟೆ.

ಹೀಗಿರುವಾಗ ‘ಹೊಸ ನೀಲಿ ತಳಿ’ ಎಂಬ ವರದಿಯನ್ನು ಓದುವಾಗ ನೀವು ಮೊದಲು ಕೇಳಬೇಕಾದದ್ದು, ಯಾವ ಮಣ್ಣಿನಲ್ಲಿ ನೀಲಿ ಎಂದು. ತಳಿಗೆ ಪಾತ್ರವೇ ಇಲ್ಲವೆಂದಲ್ಲ. ವರ್ಣಕ ಎಷ್ಟಿರಬೇಕು, ಜೊತೆಗೂಡುವ ಸಂಯುಕ್ತ ಎಷ್ಟಿರಬೇಕು ಎಂಬುದು ಅನುವಂಶೀಯ. ವರ್ಣಕವೇ ಇಲ್ಲದ ಬಿಳಿ ತಳಿಯ ಬುಡಕ್ಕೆ ಎಷ್ಟು ಪಟಿಕ ಸುರಿದರೂ ಅದು ನೀಲಿಯಾಗದು. ಆದರೆ ಕುಂಡದ ಮೇಲೆ ನೀಲಿ ಹೂವಿನ ಚಿತ್ರ ಅಂಟಿಸಿ, ಮಣ್ಣಿನ ಮಾತೆತ್ತದೆ ಮಾರುವುದು ಅರ್ಧ ಸತ್ಯವನ್ನು ಪೂರ್ಣ ಬೆಲೆಗೆ ಮಾರಿದಂತೆ.

ಇನ್ನು ಆ ಕ್ರಿಯಾಪದಕ್ಕೆ ಬರೋಣ. ‘ಅನಬೆಲ್’ ಎಂಬ ಹೆಸರಾಂತ ಬಿಳಿ ತಳಿ ಅಮೆರಿಕದ ಹೈಡ್ರಾಂಜಿಯ ಆರ್ಬೊರೆಸೆನ್ಸ್ ಪ್ರಭೇದದ್ದು. 1910ರಲ್ಲಿ ಇಲಿನಾಯ್ ರಾಜ್ಯದ ಅನಾ ಪಟ್ಟಣದ ಬಳಿ ಹ್ಯಾರಿಯೆಟ್ ಕರ್ಕ್‌ಪ್ಯಾಟ್ರಿಕ್ ಎಂಬಾಕೆ ಕಾಡಿನಲ್ಲಿ ಕಂಡದ್ದು. ಅದು ಹೆಸರು ಪಡೆದು ಪೇಟೆಗೆ ಬಂದದ್ದು 1960ರ ದಶಕದಲ್ಲಿ. ಇಲ್ಲಿ ಯಾರೂ ಏನನ್ನೂ ಮಾಡಲಿಲ್ಲ, ಕಂಡರು, ಉಳಿಸಿದರು. ‘ಎಂಡ್‌ಲೆಸ್ ಸಮ್ಮರ್’ನ ಕಥೆ ಬೇರೆ. ಸಾಮಾನ್ಯ ಮ್ಯಾಕ್ರೊಫಿಲ ಹಿಂದಿನ ವರ್ಷದ ಮೊಗ್ಗಿನಿಂದ ಹೂಬಿಡುತ್ತದೆ. ಹಿಮಕ್ಕೆ ಮೊಗ್ಗು ಸತ್ತರೆ ಆ ವರ್ಷ ಹೂವಿಲ್ಲ. ಮಿನೆಸೋಟದ ಬೈಲಿ ನರ್ಸರಿಯಲ್ಲಿದ್ದ ಗಿಡವೊಂದು ಹೊಸ ಚಿಗುರಿನಲ್ಲೂ ಹೂಬಿಡುತ್ತಿರುವುದರ ಮಹತ್ವವನ್ನು 1998ರಲ್ಲಿ ಗುರುತಿಸಿದವರು ಜಾರ್ಜಿಯ ವಿಶ್ವವಿದ್ಯಾನಿಲಯದ ಮೈಕೆಲ್ ಡರ್. 2004ರಲ್ಲಿ ಅದು ಮಾರಾಟಕ್ಕೆ ಬಂತು, ಪೇಟೆಂಟೂ ಸಿಕ್ಕಿತು. ಸಂಕರಣ ನಡೆಸದೆ ಪೇಟೆಂಟ್ ಹೇಗೆ ಎಂದು ಹುಬ್ಬೇರಿಸಬೇಡಿ. ಅಮೆರಿಕದ ಸಸ್ಯ ಪೇಟೆಂಟ್ ಕಾನೂನು ಆವಿಷ್ಕಾರವನ್ನೂ ಶೋಧವನ್ನೂ ಒಪ್ಪುತ್ತದೆ, ಕಾಡಿನಲ್ಲಿ ಸಿಕ್ಕಿದ್ದನ್ನು ಮಾತ್ರ ಒಪ್ಪುವುದಿಲ್ಲ. ಕಾನೂನಿಗೂ ನಮ್ಮ ‘ಕಂಡುಹಿಡಿ’ಯ ಕಾಯಿಲೆ ಸ್ವಲ್ಪ ಇದೆ ಎನ್ನಿ.

ಮೂರನೆಯದು ನಿಜಕ್ಕೂ ಮಾಡುವ ಕೆಲಸ. ಸುತ್ತುಮಲ್ಲಿಗೆಯಂತೆ ಬಹುಸುತ್ತಿನ ಹೂಬಿಡುವ ಹೈಡ್ರಾಂಜಿಯಗಳಿಗೆ ಜಪಾನಿನಲ್ಲಿ ಎರಡು ಮೂಲಗಳಿವೆ, ‘ಜೋಗಸಾಕಿ’ ಮತ್ತು ‘ಸುಮಿದಾ ನೋ ಹನಾಬಿ’. ಎರಡರಲ್ಲೂ ಆ ಗುಣ ಅಪ್ರಬಲ. ಆದರೆ ಜೀನ್‌ಗಳ ನೆಲೆ ಬೇರೆ ಬೇರೆ. ಇದರ ಪರಿಣಾಮವನ್ನು ನೀವೇ ಲೆಕ್ಕ ಹಾಕಿ. ಶುದ್ಧ ಒಂಟಿಸುತ್ತಿನ ತಾಯಿಯೊಡನೆ ಸಂಕರಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಒಂಟಿಸುತ್ತು. ಆ ಮಕ್ಕಳನ್ನು ಪರಸ್ಪರ ಸಂಕರಿಸಿದಾಗ ನಾಲ್ಕರಲ್ಲೊಂದು ಬಹುಸುತ್ತು. ದುಂಡನೆಯ ಗೊಂಚಲೂ ಚಪ್ಪಟೆ ಗೊಂಚಲಿನೆದುರು ಅಪ್ರಬಲ ಗುಣವೇ. ಮೂಲಗಿಡಗಳಲ್ಲಿ ಒಂದೊಂದರಲ್ಲಿ ಒಂದೊಂದು ಗುಣವಿದ್ದು, ಎರಡೂ ಒಂದೇ ಗಿಡದಲ್ಲಿ ಬೇಕೆಂದರೆ, ಜೀನ್‌ಗಳು ಸ್ವತಂತ್ರವಾಗಿ ಹಂಚಿಕೆಯಾಗುತ್ತವೆ ಎಂದಿಟ್ಟುಕೊಂಡರೆ, ಹದಿನಾರರಲ್ಲೊಂದು. 160 ಸಸಿ ಬೆಳೆಸಿದರೆ ಸುಮಾರು ಹತ್ತು. ಬೀಜದಿಂದ ಹೂವಿಗೆ ಎರಡು ಮೂರು ವರ್ಷ; ಎರಡು ಪೀಳಿಗೆಗೆ ಅದರ ಎರಡರಷ್ಟು. ಅಷ್ಟು ಕಾಲ 160 ಕುಂಡಗಳಿಗೂ ನೀರು, ನೆರಳು, ಜಾಗ. ಕೊನೆಗೆ ಉಳಿದ ಹತ್ತರಲ್ಲಿ ಕಾಂಡ ಬಾಗುವುದು, ಬಣ್ಣ ಮಂಕಾಗಿರುವುದು, ಕಡ್ಡಿ ಬೇರು ಬಿಡದಿರುವುದು ಎಲ್ಲ ಕಳೆದರೆ ಒಂದೂ ಮಿಗದಿರಬಹುದು. ಜಪಾನಿನ ಶಿಮಾನೆ ಪ್ರಾಂತ್ಯದ ಕೃಷಿ ತಂತ್ರಜ್ಞಾನ ಕೇಂದ್ರದ ‘ಮಾಂಗೆಕ್ಯೋ’ದಂಥ ಬಹುಸುತ್ತಿನ ತಳಿಯ ಹಿಂದೆ ಇರುವುದು ಇಂಥ ಕೆಲಸ. ನಮ್ಮ ವರದಿಗಳಲ್ಲಿ ಹೂವಿನ ಚಿತ್ರ ಇರುತ್ತದೆ. ತಾಯಿತಂದೆ ಯಾವುವು, ಸಸಿ ಎಷ್ಟು, ಎಸೆದದ್ದು ಎಷ್ಟು, ಎಷ್ಟು ವರ್ಷ ಎಂಬುದು ಇರುವುದಿಲ್ಲ. ಭೌತವಿಜ್ಞಾನದ ಪ್ರಯೋಗ ವರದಿಯಲ್ಲಿ ದೋಷದ ಮಿತಿ ಬಿಟ್ಟುಬಂದ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ.

2021ರಲ್ಲಿ ಜಪಾನಿನ ಸಂಶೋಧಕರು ಹೈಡ್ರಾಂಜಿಯದ ಜೀನೋಮ್ ಅನುಕ್ರಮವನ್ನು ಪ್ರಕಟಿಸಿದರು, ಸುಮಾರು 220 ಕೋಟಿ ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ್ದು. ಬಹುಸುತ್ತಿನ ಎರಡೂ ನೆಲೆಗಳಿಗೆ ಡಿಎನ್‌ಎ ಗುರುತುಗಳನ್ನು ಅವರು ಒದಗಿಸಿದರು. ‘ಸುಮಿದಾ ನೋ ಹನಾಬಿ’ಯ ಗುಣಕ್ಕೆ ಲೀಫಿ ಎಂಬ ಜೀನ್‌ನಲ್ಲಿನ ದೋಷ ಕಾರಣವಿರಬಹುದೆಂದೂ ತೋರಿಸಿದರು. ಇನ್ನು 160 ಸಸಿಗಳ ಎಲೆಯ ಚೂರನ್ನು ಪರೀಕ್ಷಿಸಿ, ಒಂಟಿಸುತ್ತಿನವನ್ನು ಮೊದಲ ತಿಂಗಳುಗಳಲ್ಲೇ ಕೈಬಿಡಬಹುದು; ಉಳಿಯುವುದು ಸುಮಾರು ನಲವತ್ತು ಕುಂಡ. ಆ ಪ್ರಬಂಧದಿಂದ ಒಂದು ಹೊಸ ಹೂವೂ ಹುಟ್ಟಲಿಲ್ಲ.