‘ನಂತರ’ದ ನಂತರ

ದಂತ ಚಿಕಿತ್ಸಾಲಯಗಳ ಫಲಕಗಳಲ್ಲಿ ಈಗ ಒಂದೇ ಬಾಯಿಯ ಎರಡು ಚಿತ್ರ: ‘ಮೊದಲು’ ಹಳದಿ, ‘ನಂತರ’ ಹಾಲುಬಿಳುಪು. ಹಲ್ಲಿನ ಸಹಜ ಬಣ್ಣವೇ ದೋಷವೆಂದು ಇವು ನಮ್ಮನ್ನು ನಂಬಿಸುತ್ತಿವೆ. ಅಸಲಿಗೆ ಎನಾಮಲ್ ಅರೆಪಾರದರ್ಶಕ. ಒಳಗಿನ ಡೆಂಟಿನ್‌ನ ತಿಳಿಹಳದಿ ಅದರ ಮೂಲಕ ಕಾಣುತ್ತದೆ, ಅಷ್ಟೆ.

ವೈದ್ಯರು ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಕಲೆಯ ಬಣ್ಣವನ್ನು ಒಡೆಯುತ್ತದೆ, ನಿಜ. ವಸಡಿಗೆ ರಕ್ಷಣೆ ಕೊಟ್ಟು ಮಾಡಿದರೆ ಅಪಾಯವೂ ಕಡಿಮೆ. ಆದರೆ ಕೆಲವು ದಿನ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನಬಹುದು. ಮೊದಲ ಎರಡು ದಿನ ಚಹಾ, ಕಾಫಿ, ಎಲೆಅಡಿಕೆ, ಅರಿಶಿನ ಹಾಕಿದ ಸಾರು ಬಿಡಬೇಕು. ಹಲ್ಲಿಗೆ ಹಾಕಿಸಿದ ಕ್ಯಾಪ್ ಬಿಳುಪಾಗುವುದಿಲ್ಲ. ದಿನಕ್ಕೆ ಐದಾರು ಚಹಾ ಕುಡಿಯುವ ನಮ್ಮಂಥವರಲ್ಲಿ ಬಂದ ಬಿಳುಪೂ ಬೇಗ ಮಾಸುತ್ತದೆ. ಫಲಕದಲ್ಲಿ ಇದಕ್ಕೆ ಮೂರನೆಯ ಚಿತ್ರವಿಲ್ಲ.

ಇದಕ್ಕಿಂತ ನೋವಿನ ಸಂಗತಿ ಬೇರೆಯಿದೆ. ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದವರಿದ್ದಾರೆ. ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗಲೇ ಆದ ಹಾನಿಯದು. ಬ್ಲೀಚಿನಿಂದ ಪಟ್ಟೆ ತಿಳಿಯಾದರೂ ಪೂರ್ತಿ ಹೋಗದಿರಬಹುದು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಲ್ಲಿನ ಹುಡುಗಿಯನ್ನು ಹಲ್ಲುಜ್ಜದವಳೆಂದು ಜರೆಯುವವರು, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರಿನ ಬಗ್ಗೆ ಪಂಚಾಯಿತಿಯನ್ನು ಕೇಳಿದ್ದುಂಟೇ? ಅವಳ ತಮ್ಮನೂ ಅದೇ ನೀರು ಕುಡಿದು ಬೆಳೆಯುತ್ತಿದ್ದರೆ?