ಬೋರ್ಡ್ ಮಾರಿದ ಮೇಲೆ

2015ರಲ್ಲಿ ಚೀನಾದ ಶೆನ್‌ಝೆನ್‌ನಿಂದ ಆರೆಂಜ್ ಪೈ ಪಿಸಿ ಎಂಬ ಸಿಂಗಲ್ ಬೋರ್ಡ್ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಬೆಲೆ 15 ಡಾಲರ್. ನಾಲ್ಕು ಕೋರಿನ ಆಲ್‌ವಿನ್ನರ್ ಎಚ್3 ಪ್ರೊಸೆಸರ್, 1 ಜಿಬಿ ರ‍್ಯಾಮ್, ಎಚ್‌ಡಿಎಂಐ, ಎತರ್ನೆಟ್, ಮೂರು ಯುಎಸ್‌ಬಿ ಪೋರ್ಟ್. ಅದೇ ವರ್ಷ ಬಂದ ರಾಸ್ಬೆರಿ ಪೈ 2ರ ಬೆಲೆ 35 ಡಾಲರ್ ಇತ್ತು. ಕಾಗದದ ಮೇಲೆ ಎರಡೂ ಹೆಚ್ಚುಕಮ್ಮಿ ಸರಿಸಮ. ಹಾಗಾಗಿ ಅಗ್ಗದ್ದನ್ನು ಕೊಂಡವರನ್ನು ಯಾರೂ ದೂರುವಂತಿಲ್ಲ. ಆದರೆ ಕಂಪನಿ ಕೊಟ್ಟ ಆಪರೇಟಿಂಗ್ ಸಿಸ್ಟಮ್ ಇಮೇಜನ್ನು ಎಸ್‌ಡಿ ಕಾರ್ಡಿಗೆ ಬರೆದು, ಬೋರ್ಡ್ ಆನ್ ಮಾಡಿ, ಟರ್ಮಿನಲ್‌ನಲ್ಲಿ ಕರ್ನಲ್ ಆವೃತ್ತಿ ಯಾವುದೆಂದು ಕೇಳಿದರೆ 3.4.39 ಎಂದು ಬರುತ್ತಿತ್ತು. ಲಿನಕ್ಸ್ 3.4 ಹೊರಬಂದದ್ದು 2012ರ ಮೇ ತಿಂಗಳಲ್ಲಿ. ಅದರ 39ನೇ ತಿದ್ದುಪಡಿ 2013ರದು. ಅಂದರೆ ಹೊಸ ಡಬ್ಬಿ ಬಿಚ್ಚಿದ ದಿನವೇ ಒಳಗಿನ ಕರ್ನಲ್‌ಗೆ ಎರಡು ವರ್ಷ ವಯಸ್ಸಾಗಿತ್ತು. ಈ ನಡುವೆ ಮೂಲ ಲಿನಕ್ಸ್‌ನವರು ಅದೇ 3.4 ಸರಣಿಗೆ ತಪ್ಪದೆ ತಿದ್ದುಪಡಿ ಕೊಡುತ್ತಲೇ ಇದ್ದರು. ಅವು ಬೋರ್ಡಿನ ತನಕ ಬರುತ್ತಿರಲಿಲ್ಲ.

ಬೋರ್ಡ್ ಬಂದ ಮರುವರ್ಷ ಇದಕ್ಕಿಂತ ಕೆಟ್ಟ ಸಂಗತಿಯೊಂದು ಬಯಲಾಯಿತು. ಚಿಪ್ ಕಂಪನಿ ಆಲ್‌ವಿನ್ನರ್ ತಯಾರಿಸಿ ಹಂಚಿದ್ದ ಆ 3.4 ಕರ್ನಲ್‌ನಲ್ಲಿ ಡೀಬಗ್ಗಿಗೆಂದು ಒಂದು ಫೈಲ್ ಬಿಟ್ಟಿದ್ದರು. ಅದಕ್ಕೆ ‘ರೂಟ್‌ಮೈಡಿವೈಸ್’ ಎಂಬ ಒಂದೇ ಪದ ಬರೆದರೆ ಸಾಕು, ಬರೆದ ಪ್ರೋಗ್ರಾಮಿಗೆ ರೂಟ್ ಅಧಿಕಾರ ಸಿಕ್ಕಿಬಿಡುತ್ತಿತ್ತು. ಪಾಸ್‌ವರ್ಡ್ ಬೇಕಿರಲಿಲ್ಲ. ಎಚ್3 ಮತ್ತು ಅದರ ಒಡಹುಟ್ಟಿದ ಚಿಪ್‌ಗಳಿದ್ದ ಅನೇಕ ಬೋರ್ಡುಗಳಿಗೆ, ಟ್ಯಾಬ್ಲೆಟ್‌ಗಳಿಗೆ ಈ ರೋಗ ಅಂಟಿತ್ತು. ಅದನ್ನು ಜಗತ್ತಿಗೆ ತಿಳಿಸಿದವರು ಚಿಪ್ ಮಾಡಿದವರಲ್ಲ, ಬೋರ್ಡ್ ಮಾಡಿದವರೂ ಅಲ್ಲ. ಆರ್ಮ್‌ಬಿಯನ್ ಎಂಬ ಯೋಜನೆಯಲ್ಲಿ ಬಿಡುವಿನ ವೇಳೆ ಕೆಲಸ ಮಾಡುತ್ತಿದ್ದ ಸ್ವಯಂಸೇವಕರು.

ಅಗ್ಗದ ಬೋರ್ಡುಗಳ ವ್ಯಾಪಾರದಲ್ಲಿ ಬೇರುಬಿಟ್ಟಿರುವ ಒಂದು ಪದ್ಧತಿಯಿದೆ. ಒಂದು ಇಮೇಜನ್ನು ಎಲ್ಲೋ ಒಂದು ಡ್ರೈವ್‌ಗೆ ಏರಿಸಿದರೆ ಸಾಫ್ಟ್‌ವೇರ್ ಸಪೋರ್ಟ್ ಮುಗಿಯಿತು ಎನ್ನುವುದು. ಇದು ತಪ್ಪು ಪದ್ಧತಿ ಎಂದು ನನ್ನ ಖಚಿತ ಅಭಿಪ್ರಾಯ. ‘ಹದಿನೈದು ಡಾಲರಿಗೆ ಇನ್ನೇನು ಬೇಕು ನಿಮಗೆ?’ ಎಂಬ ಸಮರ್ಥನೆ ಅದಕ್ಕಿಂತ ತಪ್ಪು. ಆ ಮಾತನ್ನು ಮಾರುವವರಷ್ಟೇ ಅಲ್ಲ, ಕೊಂಡವರೂ ಹೇಳುತ್ತಾರೆ. ಅದೇ ನನಗೆ ಹೆಚ್ಚು ಚಿಂತೆ ತರುವ ಸಂಗತಿ.

ಮೊದಲು ತಾಂತ್ರಿಕ ಕಾರಣ ನೋಡೋಣ. ಬಹುತೇಕ ಯಾವ ಕಂಪನಿಯ ಪಿಸಿ ಲ್ಯಾಪ್‌ಟಾಪ್ ತಂದು ಉಬುಂಟು ಪೆನ್‌ಡ್ರೈವ್ ಚುಚ್ಚಿದರೆ ಅದು ಬೂಟ್ ಆಗುತ್ತದೆ. ಯಂತ್ರದೊಳಗೆ ಏನೇನಿದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳುವ ಏರ್ಪಾಡು ಪಿಸಿಯಲ್ಲಿ ದಶಕಗಳಿಂದ ಇದೆ. ಆರ್ಮ್ ಪ್ರೊಸೆಸರಿನ ಇಂಥ ಬೋರ್ಡುಗಳಲ್ಲಿ ಹಾಗಿಲ್ಲ. ಎಲ್‌ಇಡಿ ಯಾವ ಪಿನ್ನಿಗಿದೆ, ಎತರ್ನೆಟ್ ಚಿಪ್‌ಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ಪ್ರತಿ ಬೋರ್ಡಿಗೂ ಬೇರೆಬೇರೆಯಾಗಿ ಬರೆದಿಡಬೇಕು. 2011ರಲ್ಲಿ ಆರ್ಮ್ ಚಿಪ್ ಕಂಪನಿಗಳು ಕರ್ನಲ್‌ಗೆ ತುಂಬುತ್ತಿದ್ದ ಗೊಂದಲ ಕಂಡು ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಸಿಡಿಮಿಡಿಗೊಂಡ ಮೇಲೆ ಆ ವಿವರಗಳೆಲ್ಲ ಡಿವೈಸ್ ಟ್ರೀ ಎಂಬ ಪ್ರತ್ಯೇಕ ಫೈಲಿಗೆ ಬರತೊಡಗಿದವು. ಗೊಂದಲ ಕಡಿಮೆಯಾಯಿತು. ಆದರೆ ಆ ಫೈಲನ್ನು, ಬೂಟ್‌ಲೋಡರನ್ನು, ಡ್ರೈವರುಗಳನ್ನು ಬರೆದು ಮೂಲ ಲಿನಕ್ಸ್‌ಗೆ ಒಪ್ಪಿಸುವ ಕೆಲಸ ಯಾರಾದರೂ ಮಾಡಲೇಬೇಕಲ್ಲ.

ಮಾಡುವವರು ಯಾರು? ಚಿಪ್ ಕಂಪನಿಯ ಕಣ್ಣು ಟಿವಿ ಬಾಕ್ಸ್ ಮತ್ತು ಟ್ಯಾಬ್ಲೆಟ್ ಮಾರುಕಟ್ಟೆಯ ಮೇಲೆ. ಒಂದು ಕರ್ನಲ್ ಹಿಡಿದು ತನ್ನ ಚಿಪ್ ಓಡುವಷ್ಟು ತಿದ್ದಿ, ಬೋರ್ಡ್ ಕಂಪನಿಗೆ ಕೊಟ್ಟು ಮುಂದಿನ ಚಿಪ್‌ನತ್ತ ಹೊರಟುಬಿಡುತ್ತದೆ. ಬೋರ್ಡ್ ಕಂಪನಿಯಲ್ಲಿ ಹಾರ್ಡ್‌ವೇರ್ ಬಲ್ಲವರು ಇರುತ್ತಾರೆ, ಕರ್ನಲ್ ಬಲ್ಲವರು ಬೆರಳೆಣಿಕೆ. ಹೀಗಾಗಿ ಕೊಟ್ಟದ್ದನ್ನು ಹಾಗೆಯೇ ತುಂಬಿ ಕಳಿಸುತ್ತಾರೆ. ಸಾವಿರಾರು ಕಡೆ ತಿದ್ದಿದ ಆ ಕರ್ನಲ್‌ಗೆ ಮುಂದೆ ಸೆಕ್ಯುರಿಟಿ ಪ್ಯಾಚ್ ಹಾಕುವುದು ಹೊಸದಾಗಿ ಬರೆದಷ್ಟೇ ಕಷ್ಟ. ಅದೇ ಡ್ರೈವರ್ ಒಮ್ಮೆ ಮೂಲ ಲಿನಕ್ಸ್‌ನೊಳಗೆ, ಅಂದರೆ ಮೇನ್‌ಲೈನ್‌ನೊಳಗೆ ಸೇರಿದರೆ ಮುಂದಿನ ಪ್ರತಿ ಆವೃತ್ತಿಯ ಜೊತೆ ತಾನೂ ಸಾಗುತ್ತದೆ. ಸಪೋರ್ಟಿನ ಗುಟ್ಟು ಇಷ್ಟೇ. ಬೋರ್ಡ್ ಬಿಡುಗಡೆಗೆ ಮೊದಲೋ ಬೆನ್ನಲ್ಲೋ ಮೇನ್‌ಲೈನ್ ಕೆಲಸಕ್ಕೆ ದುಡ್ಡು ತೆತ್ತವರ ಬೋರ್ಡ್ ಉಳಿಯುತ್ತದೆ, ಉಳಿದವರದ್ದು ಮೂಲೆ ಸೇರುತ್ತದೆ.

ತೆರದವರ ಪಾಲಿನ ದುಡ್ಡನ್ನು ಬೇರೆಯವರು ತೆತ್ತ ಕಥೆಯೂ ಇದೆ. ಆಲ್‌ವಿನ್ನರ್ ಚಿಪ್‌ಗಳೊಳಗೆ ವಿಡಿಯೋ ಡಿಕೋಡ್ ಮಾಡುವ ಹಾರ್ಡ್‌ವೇರ್ ಮೊದಲಿನಿಂದ ಇತ್ತು, ಅದಕ್ಕೆ ಮೇನ್‌ಲೈನ್ ಡ್ರೈವರ್ ಇರಲಿಲ್ಲ. 2018ರಲ್ಲಿ ಫ್ರಾನ್ಸಿನ ಬೂಟ್‌ಲಿನ್ ಸಂಸ್ಥೆ ಸಾರ್ವಜನಿಕರಿಂದ ಕಿಕ್‌ಸ್ಟಾರ್ಟರ್ ಮೂಲಕ ಹಣ ಎತ್ತಿ ಆ ಡ್ರೈವರ್ ಬರೆಯಿತು. ಬೋರ್ಡಿಗೆ ಒಮ್ಮೆ ದುಡ್ಡು ಕೊಟ್ಟವರು ಅದೇ ಬೋರ್ಡ್ ಪೂರ್ತಿ ಕೆಲಸ ಮಾಡಲೆಂದು ಇನ್ನೊಮ್ಮೆ ಕೊಟ್ಟರು. ಇವೇ ಬೋರ್ಡುಗಳಲ್ಲಿರುವ ಮಾಲಿ ಗ್ರಾಫಿಕ್ಸ್‌ಗೆ ಲಿಮಾ, ಪ್ಯಾನ್‌ಫ್ರಾಸ್ಟ್ ಎಂಬ ಮುಕ್ತ ಡ್ರೈವರುಗಳು ಮೇನ್‌ಲೈನ್ ಸೇರಿದ್ದು 2019ರ ಲಿನಕ್ಸ್ 5.2ರಲ್ಲಿ. ಅದೂ ಹೊರಗಿನವರು ವರ್ಷಗಟ್ಟಲೆ ಹಾರ್ಡ್‌ವೇರನ್ನು ಕೆದಕಿ, ಊಹಿಸಿ, ಪರೀಕ್ಷಿಸಿ ಬರೆದ ಮೇಲೆ. 2016ರ ಕೊನೆಗೆ ಬಂದ ಆರೆಂಜ್ ಪೈ ಜೀರೋ ಏಳು ಡಾಲರಿನ ಬೋರ್ಡ್. ಅದರ ವೈಫೈ ಚಿಪ್ ಎಕ್ಸ್‌ಆರ್819 ಎಂದರೆ ಬಳಸಿದವರ ಮುಖ ಇಂದಿಗೂ ಸಿಂಡರಿಸುತ್ತದೆ. ಡ್ರೈವರ್ ಎಷ್ಟು ಕಚ್ಚಾ ಎಂದರೆ ಕಡೆಗೆ ಬಹಳ ಜನ ಎತರ್ನೆಟ್ ಕೇಬಲ್ಲಿಗೇ ಮೊರೆಹೋದರು. ವೈಫೈ ಇದೆ ಎಂದು ಹೇಳಿ ಮಾರಿದ ವಸ್ತು ಅದು.

ಇನ್ನೊಂದು ಬದಿಗೆ ರಾಸ್ಬೆರಿ ಪೈ. 2012ರ ಫೆಬ್ರವರಿ 29ರಂದು ಕೇಂಬ್ರಿಡ್ಜ್‌ನಿಂದ ಬಂದ ಮೊದಲ ಮಾಡೆಲ್ ಬಿ ಬೋರ್ಡಿನ ಪ್ರೊಸೆಸರ್ ಆಗಲೇ ಹಳೆಯ ತಲೆಮಾರಿನದು, ಆರ್ಮ್‌ವಿ6. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ವೇಗದ ಆರ್ಮ್ ಆವೃತ್ತಿಗೆ ಆರ್ಮ್‌ವಿ7 ಬೇಕಿತ್ತು. ಕೆಲವು ಸ್ವಯಂಸೇವಕರು ಇಡೀ ಡೆಬಿಯನ್‌ನ್ನು ಆ ಹಳೆಯ ಪ್ರೊಸೆಸರಿಗಾಗಿ ಮತ್ತೆ ಕಂಪೈಲ್ ಮಾಡಿ ರಾಸ್ಪ್‌ಬಿಯನ್ ಕಟ್ಟಿದರು. ಪೈ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡು ಕೈಬಿಡದೆ ನಡೆಸಿಕೊಂಡು ಬಂತು. 2023ರ ಡೆಬಿಯನ್ 12ನ್ನು ಆಧರಿಸಿದ ರಾಸ್ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿ ಆ 2012ರ ಬೋರ್ಡಿನಲ್ಲೂ ಓಡುತ್ತದೆ. ನಿಧಾನವಾಗಿಯೇ ಸರಿ, ಓಡುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. 35 ಡಾಲರಿನ ವಸ್ತುವಿಗೆ ಹನ್ನೊಂದು ವರ್ಷ! ಆ ಬೆಲೆಯ ಹತ್ತುಪಟ್ಟು ಕೊಟ್ಟು ತಂದ ಬಹುಪಾಲು ಫೋನುಗಳೂ ಅಷ್ಟು ಕಾಲ ಅಪ್‌ಡೇಟ್ ಕಂಡಿಲ್ಲ.

ಹಾಗೆಂದು ಪೈ ಕುರಿತು ಭಜನೆ ಬೇಡ. ಅದರ ಬೂಟ್ ಫರ್ಮ್‌ವೇರ್ ಮುಚ್ಚಿದ್ದು, ಅದು ತನ್ನದೇ ಕರ್ನಲ್ ಶಾಖೆಯನ್ನು ಇಟ್ಟುಕೊಂಡಿದೆ. ಒಂದು ಡೆಬಿಯನ್‌ನಿಂದ ಮುಂದಿನದಕ್ಕೆ ಹೋಗುವಾಗ ಹೊಸ ಕಾರ್ಡ್ ಬರೆದುಕೊಳ್ಳಿ ಎಂದೇ ಹೇಳುತ್ತದೆ. ದೂರದ ಯಾವುದೋ ಕಂಬದ ಮೇಲೆ ಬೋರ್ಡ್ ಕೂರಿಸಿದವರಿಗೆ ಅದು ಸಣ್ಣ ಮಾತಲ್ಲ. 2021ರ ನವೆಂಬರಿನಲ್ಲಿ ಪೈ ಓಎಸ್‌ನ ಬುಲ್ಸ್‌ಐ ಆವೃತ್ತಿ ಬಂದಾಗ ಕ್ಯಾಮೆರಾದ ಹಳೆಯ ವ್ಯವಸ್ಥೆಯನ್ನು ತೆಗೆದು ಲಿಬ್‌ಕ್ಯಾಮೆರಾ ತಂದರು. ‘ರಾಸ್ಪಿಸ್ಟಿಲ್’ ಎಂದು ಟೈಪ್ ಮಾಡಿ ಫೋಟೋ ತೆಗೆಯುತ್ತಿದ್ದವರಿಗೆ ಕಮಾಂಡೇ ಇಲ್ಲ ಎಂದು ಬಂತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀನಿಯರುಗಳ ಪ್ರಾಜೆಕ್ಟ್ ರಿಪೋರ್ಟ್ ಇಟ್ಟುಕೊಂಡು ಮುಖ ಗುರುತಿಸುವ ಬಾಗಿಲನ್ನೋ ಹಾಜರಿ ಯಂತ್ರವನ್ನೋ ಮಾಡಹೊರಡುವ ಮಕ್ಕಳಿಗೆ ಹಳೆಯ ಪೈಥಾನ್ ಕೋಡ್ ಇದ್ದಕ್ಕಿದ್ದಂತೆ ಕೈಕೊಡುವುದು ಇಂಥ ಬದಲಾವಣೆಗಳಿಂದಲೇ. ಆದರೆ ಪೈನವರು ತಿಂಗಳೊಳಗೆ ಹಳೆಯ ಆವೃತ್ತಿಯನ್ನು ‘ಲೆಗಸಿ’ ಎಂಬ ಹೆಸರಿನಲ್ಲಿ ಮತ್ತೆ ಕೊಟ್ಟು, ಅದಕ್ಕೂ ಪ್ಯಾಚ್ ಹಾಕುತ್ತೇವೆ ಎಂದರು. ಬದಲಾವಣೆ ಮಾಡುವವರು ನಡೆದುಕೊಳ್ಳಬೇಕಾದ ರೀತಿ ಅದು. ಅದಕ್ಕೆ ಅಂಕ ಕೊಡಲೇಬೇಕು.

ಪೈಗೆ ಇದು ಸಾಧ್ಯವಾದದ್ದು ಬರೀ ಒಳ್ಳೆಯತನದಿಂದಲ್ಲ. ಬ್ರಾಡ್‌ಕಾಮ್‌ನ ಒಂದೇ ವಂಶದ ಚಿಪ್, ಕೈಬೆರಳಲ್ಲಿ ಎಣಿಸಬಹುದಾದಷ್ಟು ಮಾಡೆಲ್, ಅವುಗಳ ಭಾರೀ ಮಾರಾಟ. ಒಂದು ದೋಷ ಸರಿಪಡಿಸಿದರೆ ಲಕ್ಷಾಂತರ ಬೋರ್ಡಿಗೆ ಸಲ್ಲುತ್ತದೆ. ಉಳಿದ ಕಂಪನಿಗಳದ್ದು ಇದಕ್ಕೆ ತದ್ವಿರುದ್ಧ ದಾರಿ. ಇಂದು ಈ ಚಿಪ್, ನಾಳೆ ಆ ಚಿಪ್, ವರ್ಷಕ್ಕೆ ಹಲವು ಮಾಡೆಲ್, ಯಾವುದಕ್ಕೂ ಗಮನವಿಲ್ಲ. ಕಡಿಮೆ ಬೆಲೆಯಲ್ಲೂ ಬೋರ್ಡನ್ನು ಬಾಳಿಸಬಹುದು ಎಂದು ಪೈ ತೋರಿಸಿಕೊಟ್ಟಿದೆ. ಮಾಡೆಲ್ ಕಡಿಮೆ ಮಾಡಿ, ಒಂದೊಂದನ್ನೂ ಹೆಚ್ಚು ಕಾಲ ಮಾರುವ ಮನಸ್ಸಿರಬೇಕು.

ಬೆಲೆಯ ಸಬೂಬು ನಿಲ್ಲುವುದಿಲ್ಲ ಎಂಬುದಕ್ಕೆ ದೊಡ್ಡವರ ಉದಾಹರಣೆಯೇ ಸಾಕು. ಎನ್‌ವಿಡಿಯಾ 2019ರಲ್ಲಿ 99 ಡಾಲರಿಗೆ ಜೆಟ್ಸನ್ ನ್ಯಾನೋ ತಂದಿತು. ಎಐ ಕಲಿಸಲೆಂದು ಅದನ್ನು ತರಿಸಿದ ಲ್ಯಾಬ್‌ಗಳು ನಮ್ಮಲ್ಲೂ ಇವೆ. ಅದಕ್ಕೆ ಕೊಟ್ಟದ್ದು ಉಬುಂಟು 18.04, ಕರ್ನಲ್ 4.9. ಕಂಪನಿಯ ಮುಂದಿನ ಸಾಫ್ಟ್‌ವೇರ್ ಸರಣಿಯಾದ ಜೆಟ್‌ಪ್ಯಾಕ್ 5 ನ್ಯಾನೋಗೆ ಬರಲೇ ಇಲ್ಲ. 2023ರ ಜನವರಿಯಲ್ಲಿ 4.9 ಕರ್ನಲ್‌ನ ಆಯಸ್ಸು ಮುಗಿಯಿತು, ಮೇ ಕೊನೆಗೆ ಉಬುಂಟು 18.04ರ ಮಾಮೂಲಿ ಸಪೋರ್ಟೂ ಮುಗಿಯಿತು. ಅದರೊಡನೆ ಬರುವ ಪೈಥಾನ್ 3.6ರ ಕಾಲ 2021ರ ಡಿಸೆಂಬರಿನಲ್ಲೇ ಸಂದಿತ್ತು. ಹೊಸ ಎಐ ಲೈಬ್ರರಿ ಹಾಕಹೊರಟ ವಿದ್ಯಾರ್ಥಿಗೆ ಸಿಗುವುದು ಆವೃತ್ತಿ ಹೊಂದುತ್ತಿಲ್ಲವೆಂಬ ಕೆಂಪು ಸಾಲುಗಳು. ಇಂಟೆಲ್ ಕೂಡ ತನ್ನ ಗೆಲಿಲಿಯೋ, ಎಡಿಸನ್ ಬೋರ್ಡುಗಳನ್ನು 2017ರಲ್ಲಿ ನಿಲ್ಲಿಸಿತು. ಅಮೆರಿಕದ ನೆಕ್ಸ್ಟ್ ಥಿಂಗ್ ಎಂಬ ಪುಟ್ಟ ಕಂಪನಿ 2015ರಲ್ಲಿ ಒಂಬತ್ತು ಡಾಲರಿನ ‘ಚಿಪ್’ ಕಂಪ್ಯೂಟರಿಗೆಂದು ಕಿಕ್‌ಸ್ಟಾರ್ಟರಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಎತ್ತಿ, 2018ರಲ್ಲಿ ಬಾಗಿಲು ಹಾಕಿತು. ಆ ಬೋರ್ಡಿಗೆ ಇಮೇಜ್ ತುಂಬುವುದಕ್ಕೂ ಕಂಪನಿಯ ಸರ್ವರ್ ಬೇಕಿತ್ತು. ಬಳಕೆದಾರರು ಮೊದಲೇ ನಕಲು ತೆಗೆದಿಟ್ಟುಕೊಂಡಿದ್ದರಿಂದ ಬೋರ್ಡುಗಳು ಕಸವಾಗಲಿಲ್ಲ.

ಮತ್ತೆ ಮತ್ತೆ ಸ್ವಯಂಸೇವಕರ ಹೆಸರೇ ಬರುತ್ತಿದೆ. ಆರ್ಮ್‌ಬಿಯನ್ ಈಗ ತುಂಬಾ ಬೋರ್ಡುಗಳಿಗೆ ಡೆಬಿಯನ್, ಉಬುಂಟು ಇಮೇಜ್ ಕಟ್ಟಿಕೊಡುತ್ತದೆ. ಕಂಪನಿಗಳು ಬೋರ್ಡಿನ ಜಾಹೀರಾತಿನಲ್ಲಿ ‘ಆರ್ಮ್‌ಬಿಯನ್ ಓಡುತ್ತದೆ’ ಎಂದು ಹಾಕಿಕೊಳ್ಳುತ್ತವೆ. ಕೊಂಡವರು ವೈಫೈ ಬಾರದಿದ್ದರೆ ಕಂಪನಿಯನ್ನು ಬಿಟ್ಟು ಆರ್ಮ್‌ಬಿಯನ್‌ನವರ ಮೇಲೆ ಹರಿಹಾಯುತ್ತಾರೆ. ದುಡ್ಡು ಪಡೆದವನೊಬ್ಬ, ಬೈಸಿಕೊಳ್ಳುವವನು ಇನ್ನೊಬ್ಬ. ಕಡೆಗೆ ಆ ಯೋಜನೆ ಒಂದು ನಿಯಮ ಮಾಡಿಕೊಂಡಿತು. ಹೆಸರು ಕೊಟ್ಟು ಹೊಣೆ ಹೊರುವ ನಿರ್ವಾಹಕರು ಇರುವ ಬೋರ್ಡಿಗೆ ಮಾತ್ರ ಪೂರ್ಣ ಸಪೋರ್ಟ್, ಉಳಿದವು ಸಮುದಾಯದ ಪಾಲಿಗೆ, ಅಂದರೆ ಓಡಿದರೆ ಓಡಿತು. ಕೆಲವರಿಗೆ ಇದು ಕಟುವೆನಿಸಿತು. ನನಗೆ ಇದು ಈ ಇಡೀ ಕ್ಷೇತ್ರದಲ್ಲಿ ಯಾರೂ ಹೇಳದ ಪ್ರಾಮಾಣಿಕ ಮಾತು ಎನಿಸುತ್ತದೆ. ಯಾವ ಬೋರ್ಡಿಗೆ ಯಾರಿದ್ದಾರೆ, ಯಾವುದಕ್ಕೆ ಯಾರೂ ಇಲ್ಲ ಎಂದು ಬಿಡಿಸಿ ಹೇಳುವುದು ಮಾರಿದ ಕಂಪನಿಯ ಕೆಲಸವಾಗಿತ್ತು. ಸಪೋರ್ಟ್ ಬೇಕೆಂದು ಕೇಳುವುದು ನಮ್ಮ ಹಕ್ಕು. ಅದನ್ನು ದುಡ್ಡು ಪಡೆದವರ ಹತ್ತಿರ ಕೇಳಬೇಕು.

ಕಾನೂನು ಈಗಷ್ಟೇ ಇತ್ತ ತಿರುಗುತ್ತಿದೆ. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ವಸ್ತುವಿನ ಬಳಕೆಯ ಕಾಲವೇ ಚಿಕ್ಕದಾಗಿದ್ದರೆ ಹೊರತು, ತಯಾರಿಸಿದವರು ಕನಿಷ್ಠ ಐದು ವರ್ಷ ಭದ್ರತಾ ದೋಷಗಳನ್ನು ಸರಿಪಡಿಸಬೇಕು, ಆ ಅವಧಿ ಎಂದು ಮುಗಿಯುತ್ತದೆ ಎಂದು ಕೊಳ್ಳುವವರಿಗೆ ತಿಳಿಸಬೇಕು. ಯುರೋಪಿಗೆ ಬೋರ್ಡ್ ಮಾರುವ ಶೆನ್‌ಝೆನ್‌ನ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. ಇದರಿಂದ ಬೆಲೆ ಒಂದೆರಡು ಡಾಲರ್ ಏರಿದರೆ ಏರಲಿ ಎನ್ನುವವನು ನಾನು. ಆ ಖರ್ಚು ಈವರೆಗೂ ಇತ್ತು, ಯಾರದೋ ರಾತ್ರಿಯ ನಿದ್ದೆಯಿಂದ ಅದನ್ನು ವಸೂಲು ಮಾಡುತ್ತಿದ್ದೆವು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಒಂದು ಬೋರ್ಡ್ ತಂದು ಮನೆಯಲ್ಲಿ ಆಡುವವರು ಯಾವುದನ್ನು ಬೇಕಾದರೂ ತರಲಿ. ಹಳೆಯ ಕರ್ನಲ್ ಜೊತೆ ಗುದ್ದಾಡುವುದರಲ್ಲೂ ಕಲಿಕೆಯಿದೆ. ಆದರೆ ಕಾಲೇಜಿನ ಲ್ಯಾಬಿಗೆ, ಶಾಲೆಗೆ, ತೋಟದ ಪಂಪಿಗೆ, ಅಂಗಡಿಯ ಕ್ಯಾಮೆರಾಗೆ ಹತ್ತಿಪ್ಪತ್ತರ ಲೆಕ್ಕದಲ್ಲಿ ಕೊಳ್ಳುವವರು ರ‍್ಯಾಮ್ ಎಷ್ಟು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಲಿ. ಮೇನ್‌ಲೈನ್ ಕರ್ನಲ್‌ನಲ್ಲಿ ಈ ಬೋರ್ಡ್ ಬೂಟ್ ಆಗುತ್ತದೆಯೇ? ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದ ತನಕ? ಟೆಂಡರ್ ಬರೆಯುವ ಪ್ರಾಧ್ಯಾಪಕರು ಇವೆರಡನ್ನೂ ಷರತ್ತಾಗಿ ಹಾಕಲಿ. ಉತ್ತರ ಬರೆದುಕೊಡಲು ಒಪ್ಪದವರ ಬೋರ್ಡ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.